ಮುಂಬಾಗಿಲ ಬೀಗ

ಮೂರು ಸಲ ತಟ್ಟಿದರೂ ಬಾಗಿಲು ತೆರೆಯಲಿಲ್ಲ. ಒಳಗೆ ರೇಡಿಯೊ ಗೋಧಿಯ ಧಾರಣೆ ಹೇಳುತ್ತಿತ್ತು. ಅಂದರೆ ಮನೆಯಲ್ಲಿ ಜನವಿದ್ದಾರೆ. ವಾಪಸು ಹೋಗಿಬಿಡೋಣ ಅನ್ನಿಸಿತು ಮಾರ್ಲಿಸ್‌ಗೆ. ಹೋದರೆ ಇನ್ನೊಮ್ಮೆ ಇಷ್ಟು ದೂರ ಬರುವ ಧೈರ್ಯ ಹುಟ್ಟುವುದಿಲ್ಲವೆಂದೂ ಗೊತ್ತಿತ್ತು. ನಾಲ್ಕನೇ ಸಲ ಕೈಯೆತ್ತುವಷ್ಟರಲ್ಲಿ ಮುದುಕನೊಬ್ಬ ಮನೆಯ ಮೂಲೆ ಸುತ್ತಿಕೊಂಡು ಬಂದ.

"ಆ ಬಾಗಿಲು ಕೊನೇ ಸಲ ತೆಗೆದದ್ದು ನಮ್ಮಪ್ಪನ ಶವಪೆಟ್ಟಿಗೆ ಹೊರಗೆ ತರುವಾಗ. ಇಲ್ಲಿ ಮುಂದಿನ ಬಾಗಿಲು ತಟ್ಟೋರು ಇಬ್ಬರೇ. ಪಾದ್ರಿ, ಇಲ್ಲಾಂದ್ರೆ ಏನಾದ್ರೂ ಮಾರೋಕೆ ಬಂದೋರು. ನೀನ್ಯಾರಮ್ಮ?"

ಅವಳು ಎರಡೂ ಅಲ್ಲ. ರಿಜೈನಾ ಪಟ್ಟಣದವಳು, ಪಾಳುಬಿದ್ದ ಹೊಲಮನೆಗಳ ಫೋಟೊ ತೆಗೆಯುವವಳು ಎಂದಷ್ಟೇ ಹೇಳಿಕೊಂಡಳು. ಒರೆಸ್ಟ್ ಎಂಬ ಆ ಮುದುಕ ಅವಳನ್ನು ಹಿಂಬಾಗಿಲಿನಿಂದ, ಕೆಸರು ಬೂಟುಗಳ ಸಾಲು ದಾಟಿಸಿ, ಅಡುಗೆಮನೆಗೆ ಕರೆದೊಯ್ದ. ಕಾಫಿ ಬಗ್ಗಿಸಿದ. ಗಸಗಸೆ ತುಂಬಿದ ರೊಟ್ಟಿ ಕೊಯ್ದು ಮುಂದಿಟ್ಟ. ಗೋಡೆಯ ಮೇಲೆ ಅವನ ತಮ್ಮ ವಾಸಿಲ್ ನಗುತ್ತಿದ್ದ, ಚೌಕಟ್ಟಿಗೆ ಕಪ್ಪು ಪಟ್ಟಿ ಸುತ್ತಿಕೊಂಡು. ಅತ್ತ ನೋಡಲಾರದೆ ಮಾರ್ಲಿಸ್ ರೊಟ್ಟಿಯನ್ನೇ ನೋಡುತ್ತಾ ಕೂತಳು.

ಬಂದ ವಿಷಯವನ್ನು ಕೊನೆಗೂ ಹೇಳಿದಳು. ಹೋದ ಅಕ್ಟೋಬರಿನಲ್ಲಿ ಐದು ಮೈಲಿ ಆಚೆಯ ಬಾಬಿಯಕ್ ಮನೆಯ ಫೋಟೊ ತೆಗೆದಿದ್ದಳು. ಕಿಟಕಿಯ ಗಾಜಿಗೆ ಕ್ಯಾಮೆರಾ ಒತ್ತಿ ಒಳಗಿದ್ದ ಪಿಯಾನೊ, ಪಿಂಗಾಣಿ ಎಲ್ಲವನ್ನೂ ಹಿಡಿದಿದ್ದಳು. ಇಂಥ ಮನೆಗಳ ಹಲಗೆಯನ್ನೂ ಬಿಡದೆ ಕಿತ್ತೊಯ್ಯುವ ಕಳ್ಳರು ಹೆಚ್ಚಾಗಿದ್ದ ಕಾಲ. ಮನಸ್ಸು ತಡೆಯದೆ, ಬಾಗಿಲಿನ ಹಳೆಯ ಚಿಲಕಕ್ಕೆ ತನ್ನ ಕ್ಯಾಮೆರಾ ಪೆಟ್ಟಿಗೆಯ ಬೀಗ ಜಡಿದಳು. ಪುಣ್ಯದ ಕೆಲಸ ಮಾಡಿದೆನೆಂದು ದಾರಿಯುದ್ದಕ್ಕೂ ಹಾಡಿಕೊಂಡು ಹೋಗಿದ್ದಳು.

ಈ ಸೀಮೆಯಲ್ಲಿ ಪಾಳುಮನೆಗೆ ಬೀಗ ಹಾಕುವುದಿಲ್ಲ. ಹಿಮಗಾಳಿಗೆ ಸಿಕ್ಕವನು ಯಾರ ಮನೆಯನ್ನಾದರೂ ಹೊಕ್ಕು ಒಲೆ ಹಚ್ಚಿಕೊಳ್ಳಬಹುದು, ಕೇಳುವವರಿಲ್ಲ. ಪಟ್ಟಣದವಳಿಗೆ ಇದು ತಿಳಿದದ್ದು ಜನವರಿಯ ಪತ್ರಿಕೆಯಲ್ಲಿ. ಹಿಮದಲ್ಲಿ ಗಾಡಿ ಹೂತ ವಾಸಿಲ್ ಅರ್ಧ ಮೈಲಿ ನಡೆದು ಬಾಬಿಯಕ್ ಮನೆ ಮುಟ್ಟಿದ್ದ. ಬಾಗಿಲಿಗೆ ಬೀಗವಿತ್ತು. ಕಿಟಕಿ ಒಡೆಯುವಷ್ಟು ಕಸುವೂ ಉಳಿಯದೆ ಅಲ್ಲೇ ಹೆಪ್ಪುಗಟ್ಟಿ ಸತ್ತಿದ್ದ. ಬೀಗ ಹಾಕಿದವರು ಯಾರೆಂದು ತಿಳಿದುಬಂದಿಲ್ಲ ಎಂದು ಕೊನೆಯ ಸಾಲಿನಲ್ಲಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಓದುತ್ತಲೇ ಅವಳ ಕೈ ಕ್ಯಾಮೆರಾ ಚೀಲಕ್ಕೆ ಹೋಗಿತ್ತು. ಅಂದಿನಿಂದ ಅವಳು ಒಂದು ಫೋಟೊವನ್ನೂ ತೆಗೆದಿಲ್ಲ, ಒಂದು ರಾತ್ರಿಯೂ ನೆಟ್ಟಗೆ ಮಲಗಿಲ್ಲ.

ಸಣ್ಣ ಕೀಲಿಯೊಂದನ್ನು ಮೇಜಿನ ಮೇಲಿಟ್ಟಳು.

"ನಿಮ್ಮ ತಮ್ಮನ್ನ ಕೊಂದಿದ್ದು ಇದೇ."

ಒರೆಸ್ಟ್ ಕೀಲಿಯನ್ನು ನೋಡಿದ. ಎದ್ದು ಹೋಗಿ ರೇಡಿಯೊ ಆರಿಸಿದ. ವಾಪಸು ಬಂದು ಕೂತು ಲೋಟವನ್ನು ಪಕ್ಕಕ್ಕೆ ಸರಿಸಿದ.

"ಇದನ್ನ ಬೇರೆ ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ."

"ಹಾಗಾದ್ರೆ ಹೇಳ್ಬೇಡ."

ಮಾರ್ಲಿಸ್ ಅತ್ತಳು. ಬೈಯಿರಿ, ಪೊಲೀಸರಿಗೆ ಹಿಡಿದುಕೊಡಿ, ಆದರೆ ಆಮೇಲಾದರೂ ಕ್ಷಮಿಸಿ ಎಂದು ಕೇಳಿಕೊಂಡಳು.

"ನಿನ್ನ ಕ್ಷಮಿಸೋಕೆ ನಾನ್ಯಾರಮ್ಮ?" ಎಂದ ಒರೆಸ್ಟ್, ಕಿಟಕಿಯಾಚೆ ನೋಡುತ್ತಾ.

ಕ್ಷಮೆ ಇಲ್ಲವೆಂದೇ ಅವಳು ಅರ್ಥ ಮಾಡಿಕೊಂಡಳು. ತನ್ನಂಥವಳಿಗೆ ಅದೇ ನ್ಯಾಯ ಎಂದೂ ಅಂದುಕೊಂಡಳು.

ಮುದುಕ ತಮ್ಮನ ವಿಷಯ ತೆಗೆದ. ಹೆಂಡತಿ ಸತ್ತ ಮೇಲೆ ವಾಸಿಲ್ ಕುಡಿತಕ್ಕೆ ಬಿದ್ದಿದ್ದ. ಮನೆಯಲ್ಲಿಟ್ಟ ಬಾಟಲಿಯನ್ನೆಲ್ಲ ಅಣ್ಣ ಬಚ್ಚಲಿಗೆ ಸುರಿಯುತ್ತಿದ್ದನೆಂದು ಬಾಬಿಯಕ್ ಮನೆಯ ಅಡುಗೆಕೋಣೆಗೆ ಹೋಗಿ ಕುಡಿಯುತ್ತಾ ಕೂರುತ್ತಿದ್ದ. ಹಾಗೆಂದು ಕೆಟ್ಟವನಲ್ಲ. ದಾರಿ ತಪ್ಪಿ ಬಂದವರಿಗಿರಲಿ ಎಂದು ಆ ಒಲೆಯ ಪಕ್ಕ ವರ್ಷವರ್ಷವೂ ಸೌದೆ, ಬೆಂಕಿಪೊಟ್ಟಣ ಇಟ್ಟು ಬರುತ್ತಿದ್ದವನು ಅವನೇ.

"ಆದ್ರೂ ಅವನನ್ನ ಯಾರಾದ್ರೂ ತಡೀಬೇಕಿತ್ತಲ್ಲ," ಎಂದು ಮಾತು ನಿಲ್ಲಿಸಿದ.

ತನ್ನ ಬೀಗ ತಾನೇ ತೆಗೆಯಬೇಕೆಂದು ಮಾರ್ಲಿಸ್ ಹಟ ಹಿಡಿದಳು. ಬೇಡವೆಂದು ಒರೆಸ್ಟ್ ಎರಡು ಸಲ ಹೇಳಿ, ಮೂರನೆಯ ಸಲಕ್ಕೆ ಟೋಪಿ ಎತ್ತಿಕೊಂಡ. ಅವನ ಪಿಕಪ್‌ನಲ್ಲಿ ಹೊರಟರು. ಜಲ್ಲಿರಸ್ತೆಯಲ್ಲಿ ಎದುರಾದ ಗಾಡಿಯವನು ಇಲ್ಲಿನ ವಾಡಿಕೆಯಂತೆ ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿದ. ಒರೆಸ್ಟ್ ಎತ್ತಲಿಲ್ಲ. ಬಾಬಿಯಕ್ ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ, ನೀನು ಹೋಗಿ ಬಾ ಎಂದು ಒಳಗೇ ಕೂತ.

ಮುಂಬಾಗಿಲ ಬೀಗ ಹೊಸದರ ಹಾಗೇ ಇತ್ತು, ಒಂದೇ ತಿರುವಿಗೆ ಬಿಚ್ಚಿಕೊಂಡಿತು. ಮಾರ್ಲಿಸ್ ಬಾಗಿಲು ತಳ್ಳಿದಳು. ಅಲುಗಲಿಲ್ಲ. ಭುಜ ಕೊಟ್ಟು ನೂಕಿದಳು. ಊಹೂಂ. ಪಕ್ಕದ ಕಿಟಕಿಯಿಂದ ಇಣುಕಿದಳು. ಬಾಗಿಲಿಗೆ ಬೆನ್ನು ಕೊಟ್ಟು ಆ ಪಿಯಾನೊ ನಿಂತಿತ್ತು. ಅದರ ಕಾಲುಗಳು ನೆಲದ ಹಲಗೆಯಲ್ಲಿ ಕುಸಿದು ಎಷ್ಟೋ ವರ್ಷಗಳಾಗಿರಬೇಕು. ಅಕ್ಟೋಬರಿನಲ್ಲೂ ಅದು ಹಾಗೇ ಇತ್ತು. ಅವಳದೇ ಫೋಟೊದಲ್ಲಿ ಹಾಗೇ ಇದೆ. ಬೀಗ ಇರಲಿ ಬಿಡಲಿ, ತೆರೆಯುವ ಬಾಗಿಲೇ ಅಲ್ಲ ಅದು.

ಅಕ್ಟೋಬರಿನಲ್ಲಿ ಬಟ್ಟೆ ಹರಿದೀತೆಂದು ದಾಟದೆ ಬಿಟ್ಟಿದ್ದ ಮುಳ್ಳುಪೊದೆಯನ್ನು ಕೈಯಿಂದಲೇ ಸರಿಸಿಕೊಂಡು ಮನೆಯ ಹಿಂದಕ್ಕೆ ಹೋದಳು. ಅಲ್ಲಿ ಅಡುಗೆಕೋಣೆಯ ಬಾಗಿಲಿತ್ತು. ಬಣ್ಣದ ಮೇಲೆ, ಮೊಣಕಾಲೂರಿ ಕೂತವನ ಕೈಯೆತ್ತರಕ್ಕೆ, ಗೀರಿದ ಗುರುತುಗಳಿದ್ದವು. ಮೇಲೆ ಮುಷ್ಟಿಗಾತ್ರದ ಬೀಗವೊಂದು ನೇತಾಡುತ್ತಿತ್ತು. ಅವಳ ಕೀಲಿ ಅದರ ಬಾಯಿಯೊಳಗೆ ಹೋಗಲೂ ಇಲ್ಲ.

ಹಿಂದೆಯೇ ಬಂದು ನಿಂತ ಒರೆಸ್ಟ್ ಸೊಂಟದ ಕೀಲಿಗೊಂಚಲನ್ನು ಬಿಚ್ಚಿ, ಒಂದಿಷ್ಟೂ ಹುಡುಕದೆ, ಆ ಬೀಗದ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ.