ಮೂರನೆಯ ಬಟ್ಟಲು

"ಕಾಫಿ ಬೇಡಮ್ಮ. ಎರಡೇ ಎರಡು ಪ್ರಶ್ನೆ ಕೇಳಿ ಹೊರಡ್ತೀನಿ," ಎಂದ ಮುಲುಗೆಟಾ, ಕೈಗಡಿಯಾರ ನೋಡಿಕೊಳ್ಳುತ್ತ.

ಬೀಜ ಹುರಿಯುತ್ತಿದ್ದ ಯೆಶಿ ಅಜ್ಜಿಯ ಕೈ ಅಲ್ಲೇ ನಿಂತಿತು. "ನಮ್ಮನೆ ಕಾಫಿ ಬೇಡ ಅನ್ನೋನಿಗೆ ನನ್ನ ಸೊಸೆ ಬಸುರಿನ ಸುದ್ದಿ ಮಾತ್ರ ಬೇಕಂತೆ! ಇವನನ್ನ ಎಲ್ಲಿಂದ ಹಿಡ್ಕೊಂಡು ಬಂದ್ಯೇ ಅಸ್ನಾಕೆಚ್?"

"ಅಡಿಸ್ ಅಬಾಬಾದಿಂದ ಅಜ್ಜಿ. ಆರೋಗ್ಯ ಸಚಿವಾಲಯದೋರು," ಎಂದಳು ಹಳ್ಳಿಯ ಆರೋಗ್ಯ ಕಾರ್ಯಕರ್ತೆ. ಆಮೇಲೆ ಮೆಲ್ಲಗೆ, "ಕೂತ್ಕೊಳ್ಳಿ ಸರ್. ಇಲ್ಲಾಂದ್ರೆ ಈ ಬಾಗಿಲು ನಂಗೂ ತೆಗೆಯಲ್ಲ."

ಮುಲುಗೆಟಾ ಕೂತ. ಇಡೀ ದೇಶದ ಆರೋಗ್ಯ ಯೋಜನೆ ಬರೆಯುವ ಹೊಣೆ ಅವನದು. ಹಣವಿದ್ದದ್ದು ಹಳ್ಳಿಗೊಬ್ಬ ಕಾರ್ಯಕರ್ತೆಗೆ ಮಾತ್ರ. ಒಬ್ಬಳಿಂದ ಊರು ಸುತ್ತಲು ಆಗದೆಂದರೆ ಯೋಜನೆ ಅಲ್ಲಿಗೇ ಮುಗಿಯಿತು. ಅದನ್ನು ಕಣ್ಣಾರೆ ನೋಡಲೆಂದೇ ಅಸ್ನಾಕೆಚ್ ಬೆನ್ನು ಹತ್ತಿದ್ದ. ಮನೆಗೊಂದು ಕಾಲುಗಂಟೆ ಎಂದು ಅಂದಾಜು ಹಾಕಿದ್ದ.

ಮೊದಲ ಬಟ್ಟಲು ಬಂತು, ಕಪ್ಪಗೆ, ಚಿಟಿಕೆ ಉಪ್ಪಿನೊಂದಿಗೆ. ನಾಲಿಗೆ ಸುಟ್ಟುಕೊಂಡು ಕುಡಿದು ಎದ್ದ.

"ಕೂತ್ಕೋ! ಆಶೀರ್ವಾದ ಇರೋದು ಮೂರನೇದರಲ್ಲಿ," ಎಂದು ಗದರಿದ ಅಜ್ಜಿ, ಅದೇ ಚರಟಕ್ಕೆ ಮತ್ತೆ ನೀರು ಹೊಯ್ದು ಮಣ್ಣಿನ ಹೂಜಿಯನ್ನು ಕೆಂಡದ ಮೇಲಿಟ್ಟಳು.

ಎರಡನೆಯದು ಕುದಿಯುವಷ್ಟರಲ್ಲಿ ಪಕ್ಕದ ಮನೆಯವಳು "ಘಮ ಬಂತು" ಎನ್ನುತ್ತ ಕೂಸಿನೊಂದಿಗೆ ಒಳಬಂದಳು. ಅವಳ ಹಿಂದೆ ಮತ್ತಿಬ್ಬರು, ಅವರ ಹಿಂದೆ ಇನ್ನಷ್ಟು ಮಂದಿ. ಅಸ್ನಾಕೆಚ್ ಹರಟುತ್ತಲೇ ಒಂದು ಮಗುವನ್ನು ತೂಗಿದಳು, ಇನ್ನೊಂದಕ್ಕೆ ಲಸಿಕೆ ಚುಚ್ಚಿದಳು, ಸೊಸೆಯ ಊದಿದ ಪಾದ ಒತ್ತಿ ನೋಡಿ ನಾಳೆಯೇ ಆಸ್ಪತ್ರೆಗೆ ಬಾ ಎಂದಳು. ಮೂರನೆಯದು ನೀರುನೀರಾಗಿ ಬರುವ ಹೊತ್ತಿಗೆ ಸೂರ್ಯ ನೆತ್ತಿಗೇರಿದ್ದ.

"ಅರ್ಧ ದಿನಕ್ಕೆ ಒಂದೇ ಮನೆ!" ಮುಲುಗೆಟಾ ತಲೆ ಹಿಡಿದುಕೊಂಡು ಹೊರಬಂದ. ಹೊಸ್ತಿಲಲ್ಲಿ ತಿರುಗಿ ನೋಡಿದ. ಒಳಗೆ ಕಾಫಿಗೆಂದು ನೆಲಕ್ಕೆ ಹರಡಿದ್ದ ಹಸಿ ಹುಲ್ಲಿನ ಮೇಲೆ ಇಡೀ ಕೇರಿಯೇ ಕೂತಿತ್ತು.

"ಇದನ್ನ ಮೊದಲೇ ಹೇಳೋಕೇನಾಗಿತ್ತಮ್ಮ ನಿನಗೆ?" ಎಂದ, ಹಿಂದೆಯೇ ಬಂದ ಅಸ್ನಾಕೆಚ್‌ಗೆ.

"ನಾನು ಎಷ್ಟು ಮನೆಗೆ ಹೋಗ್ತೀನಿ ಅಂತ ಕೇಳಿದ್ರಿ. ಎಷ್ಟು ಮನೆ ನನ್ ಹತ್ರ ಬರುತ್ತೆ ಅಂತ ಕೇಳಲೇ ಇಲ್ವಲ್ಲ ಸರ್!"

ಮುಂದಿನ ವಾರ ಹಣಕಾಸು ಸಚಿವಾಲಯದ ಅಧಿಕಾರಿ ಯೋಜನೆಯ ಕಡತ ಹಿಡಿದು ಅವನ ಕಚೇರಿಗೇ ನುಗ್ಗಿದ. "ಏನ್ರೀ ಇದು, ಔಷಧಿ ಖರ್ಚಿನಲ್ಲಿ ಕಾಫಿ ಬೀಜ? ಕೂರಲ್ಲ, ಪುರುಸೊತ್ತಿಲ್ಲ. ಎರಡೇ ಎರಡು ಪ್ರಶ್ನೆ ಕೇಳಿ ಹೊರಡ್ತೀನಿ."

ಮುಲುಗೆಟಾ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು, ಮೂಲೆಯಲ್ಲಿ ಹೊಸದಾಗಿ ತಂದಿಟ್ಟಿದ್ದ ಕಾಫಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೆಂಡ ಊದತೊಡಗಿದ.