ಐದು ಕಾಳು ಮೆಣಸು

"ಲಾರಿಯ ಕೀ ಕೊಡು," ಎಂದರು ಪದ್ಮಯ್ಯ.

ಮೆಣಸು ವ್ಯಾಪಾರಿ ಪುನೀತ್ ಕೊಡಲಿಲ್ಲ. ಶ್ರೀಮಂಗಲದಲ್ಲಿ ಅವನ ಗೋಡೌನಿನ ಮುಂದೆ ಪದ್ಮಯ್ಯನವರೂ ಸೇರಿ ನಲವತ್ತು ಬೆಳೆಗಾರರು ಲಾರಿಯನ್ನು ಸುತ್ತುವರಿದಿದ್ದರು. ಲಾರಿಯ ತುಂಬ ಕರಿಮೆಣಸು. ಅದು ಬೆಳಿಗ್ಗೆ ಕೇರಳದ ಕಡೆಯಿಂದ ಮಾಕುಟ್ಟದ ಚೆಕ್‌ಪೋಸ್ಟ್ ದಾಟಿ ಬಂದದ್ದನ್ನು ಯಾರೋ ಕಂಡು ಫೋನ್ ಮಾಡಿದ್ದರು. ಕೊಡಗಿನ ಮೆಣಸು ಕೇರಳಕ್ಕೆ ಹೋಗುವುದುಂಟು. ಅಲ್ಲಿಂದ ಇಲ್ಲಿಗೆ ಬರುತ್ತದೆಂದರೆ ಏನರ್ಥ? ವಿಯೆಟ್ನಾಂ ಮಾಲು, ಇನ್ನೇನು!

ಮಸಾಲೆ ಕಂಪನಿಗಳು ಕೇರಳದ ಬಂದರಿಗೆ ಹಡಗಿನಲ್ಲಿ ಬರುವ ಅಗ್ಗದ ಮೆಣಸನ್ನೇ ನೆಚ್ಚಿಕೊಂಡಿದ್ದವು. ಅದನ್ನು ಊರಿನ ಮೆಣಸಿಗೆ ಬೆರೆಸಿ ಕೊಡಗಿನದೆಂದು ಮಾರಿದವನಿಗೆ ಲಾಭ, ಏಣಿ ಹತ್ತಿ ಕೊಯ್ದವನ ಬಾಯಿಗೆ ಮಣ್ಣು. ಜನರ ಸಿಟ್ಟು ಸುಮ್ಮನೆ ಬಂದದ್ದಲ್ಲ. ಹೆಂಡತಿಯ ಮುಂದೆ ತುಟಿ ಬಿಚ್ಚದ ಪದ್ಮಯ್ಯನವರ ಗಂಟಲು ಇವತ್ತು ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು.

"ಮಾಲು ನಮ್ಮದೇ," ಎಂದ ಪುನೀತ್. "ಮೊನ್ನೆ ಕಳಿಸಿದ್ದು. ಅಲ್ಲಿ ರೇಟು ಕುದುರಲಿಲ್ಲ, ವಾಪಸ್ ತರಿಸಿದೆ."

"ಕತೆ ಕಟ್ಟಬೇಡ. ಹೊಳೆಗೆ ಸುರೀತೇವೆ. ಇನ್ನು ಈ ಊರಲ್ಲಿ ಒಬ್ಬನೂ ನಿನಗೆ ಮೆಣಸು ಹಾಕಲ್ಲ."

"ಲ್ಯಾಬಿಗೆ ಕಳಿಸಿ ನೋಡಿ."

"ಲ್ಯಾಬಿನವರನ್ನ ನೀನು ಕೊಂಡುಕೊಳ್ತೀಯ!"

ಪುನೀತ್ ಹಣೆ ಒರೆಸಿಕೊಂಡ. ಹದಿನೈದು ವರ್ಷದ ವ್ಯಾಪಾರ ಕಣ್ಣೆದುರೇ ಮುಳುಗುತ್ತಿತ್ತು.

"ಹಾಗಾದ್ರೆ ಯಮುನಕ್ಕನ್ನ ಕರೀರಿ."

ಯಮುನಾ ಒಂದು ಕಾಳು ಕಡಿದರೆ ಸಾಕು, ಅದು ಯಾವ ಮಣ್ಣಿನದೆಂದು ಹೇಳುತ್ತಾಳೆಂಬುದು ಸುತ್ತಲಿನ ತೋಟಗಳಿಗೆಲ್ಲ ಗೊತ್ತು. ಆರು ವರ್ಷದ ಹಿಂದೆ ಇದೇ ಗೋಡೌನಿನಲ್ಲಿ, ಪಪ್ಪಾಯಿ ಬೀಜ ಬೆರೆಸಿದ್ದೀಯೆಂದು ಪುನೀತ್ ಅವಳ ಚೀಲಗಳನ್ನು ಹತ್ತು ಜನರೆದುರು ಹಿಂದಕ್ಕೆ ಕಳಿಸಿದ್ದನೆಂಬುದೂ ಗೊತ್ತು. ಅಂದಿನಿಂದ ಅವನು ಎದುರಾದರೆ ಅವಳು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು.

"ಯಮುನಂಗೆ ನಿನ್ನ ಕಂಡ್ರೆ ಆಗಲ್ಲ, ಮಾರಾಯ," ಎಂದರು ಪದ್ಮಯ್ಯ. ಅವರ ದನಿ ತುಸು ಇಳಿದಿತ್ತು.

"ಗೊತ್ತು. ಆದ್ರೆ ಮೆಣಸಿನ ವಿಷಯದಲ್ಲಿ ಅವರು ತಪ್ಪು ಹೇಳಲ್ಲ."

ಯಮುನಾ ಬಂದಳು. ಪುನೀತನ ಹೆಂಡತಿ ದಿವ್ಯ ಗಡಿಬಿಡಿಯಲ್ಲಿ ಕಾಫಿ ಮಾಡಿ ತಂದಳು. ಪದ್ಮಯ್ಯ ಒಂದು ಗುಟುಕು ಹೀರಿ, "ಸಕ್ಕರೆನೇ ಹಾಕಿಲ್ಲವಲ್ಲ!" ಎಂದು ಮುಖ ಕಿವುಚಿ ಲೋಟ ಕೆಳಗಿಟ್ಟರು. ಯಮುನಾ ಮಾತಿಲ್ಲದೆ ಪೂರ್ತಿ ಕುಡಿದಳು. ಅವಳ ಕಣ್ಣು ಪುನೀತನ ಮೇಲಿಂದ ಕದಲಲಿಲ್ಲ.

ಮೊದಲ ಚೀಲ ಬಿಚ್ಚಿದರು. ಅವಳು ಒಂದು ಕಾಳು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಎರಡನೆಯ ಚೀಲದಿಂದ ಇನ್ನೊಂದು. ಆಮೇಲೆ ಮತ್ತೊಂದು. ಕಣ್ಣಲ್ಲಿ ನೀರಾಡಲಿಲ್ಲ, ನೀರು ಬೇಕೆಂದೂ ಕೇಳಲಿಲ್ಲ.

"ಸಾಕಲ್ವಾ?" ಎಂದರು ಪದ್ಮಯ್ಯ.

"ಇನ್ನೆರಡು ಕೊಡಿ."

ಅವನ್ನೂ ಅಗಿದಳು. ಅಂಗೈಯಲ್ಲಿ ಹಿಡಿ ಮೆಣಸು ಉಜ್ಜಿ ಮೂಗಿಗೆ ಹಿಡಿದು ಬಹಳ ಹೊತ್ತು ನಿಂತಳು. ಪುನೀತನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇದು ನಮ್ಮ ಮಣ್ಣಿನದಲ್ಲ."

ಗುಂಪು ಹೋ ಎಂದಿತು. ಯಾರೋ ಅವನ ಕಾಲರ್ ಹಿಡಿದರು. ಪುನೀತ್ ಬಿಡಿಸಿಕೊಂಡು ತಾನೇ ಒಂದು ಕಾಳು ಕಡಿದ. ಖಾರಕ್ಕೆ ಕಣ್ಣು ತುಂಬಿತು.

"ನನಗೆ ನಮ್ಮದೇ ಅನ್ನಿಸ್ತದೆ," ಎಂದ. ಮರುಕ್ಷಣ ತಲೆ ಕೊಡವಿದ. "ಇಲ್ಲ, ಯಮುನಕ್ಕ ಹೇಳಿದ ಮೇಲೆ ಮುಗೀತು. ಅಲ್ಲಿ ಯಾರೋ ಚೀಲ ಬದಲಾಯಿಸಿದ್ದಾರೆ. ನಾನು ಮೋಸ ಹೋದೆ."

ಕೀಯನ್ನು ಪದ್ಮಯ್ಯನವರ ಕೈಗಿಟ್ಟ. ಮೊದಲ ಚೀಲವನ್ನು ಹೊಳೆಯ ದಂಡೆಯವರೆಗೆ ತಾನೇ ಹೊತ್ತು ತಂದು ಸುರಿದ. ಉಳಿದವನ್ನು ಜನ ಸುರಿದರು. ನೀರು ಕಪ್ಪಾಗಿ ಹರಿಯಿತು. ದಂಡೆಯ ಮೇಲೆ ದಿವ್ಯ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಎಲ್ಲ ಮುಗಿದ ಮೇಲೆ ಪುನೀತ್ ಯಮುನಳ ಮುಂದೆ ನಿಂತು ಕೈಮುಗಿದ.

"ಹಳೇದನ್ನ ಮನಸ್ಸಲ್ಲಿ ಇಟ್ಟುಕೊಳ್ಳದೆ ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರಿ, ಅಕ್ಕ. ಇನ್ಯಾರಾದ್ರೂ ಹೇಳಿದ್ರೆ ನಾನು ನಂಬ್ತಿರಲಿಲ್ಲ."

ಯಮುನಾ ಸೆರಗು ಸರಿಪಡಿಸಿಕೊಂಡು ಮನೆಯ ದಾರಿ ಹಿಡಿದಳು. ಕೊರೊನಾ ಬಂದು ಹೋದ ದಿನದಿಂದ ಅವಳ ಮೂಗಿಗೆ ವಾಸನೆಯಾಗಲಿ, ನಾಲಿಗೆಗೆ ಉಪ್ಪು, ಹುಳಿ, ಖಾರವಾಗಲಿ ಯಾವುದೂ ತಿಳಿಯುತ್ತಿರಲಿಲ್ಲ.