ಗೌತಮಿಯ ಜೋಗುಳ

"ಮಗು ನಿದ್ದೆ ಮಾಡ್ತಿರಬೇಕಮ್ಮ. ನೀವು ಎಚ್ಚರ ಮಾಡಿಸ್ಕೊಂಡು ಬಂದಿದ್ದೀರಲ್ಲ" ಎಂದಳು ಕಿವಿ ಪರೀಕ್ಷೆ ಮಾಡುವ ಅನುಶ್ರೀ.

ಸುಂದ್ರಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಕಿವಿ ಕೇಳುತ್ತದೋ ಇಲ್ಲವೋ ನೋಡಬೇಕಾದರೆ ಕೂಸು ಎದ್ದಿರಬೇಡವೇ? ಅದಕ್ಕೆಂದೇ ತಮ್ಮೂರು ಅಂತರಸಂತೆಯಿಂದ ತಾಲ್ಲೂಕು ಕೇಂದ್ರವಾದ ಕೋಟೆಯವರೆಗೂ ಬಸ್ಸಿನಲ್ಲಿ ಮೊಮ್ಮಗಳ ಅಂಗಾಲು ಕೆರೆಯುತ್ತ, ಕಣ್ಣು ಮುಚ್ಚಲು ಬಿಡದೆ ಕರೆತಂದಿದ್ದಳು. ಈಗ ಆ ಎಳೆಗೂಸು ಆಸ್ಪತ್ರೆಯ ಸೂರು ಹಾರಿಹೋಗುವಂತೆ ಅಳುತ್ತಿತ್ತು.

"ಮಲಗಿರೋ ಮಗ ಏನ್ ಹೇಳ್ತದವ್ವ ನಿಂಗೆ?"

"ಮಗು ಹೇಳೋದು ಬೇಡ, ಕಿವೀನೇ ಹೇಳುತ್ತೆ. ನಾವೊಂದು ಸದ್ದು ಕಳಿಸ್ತೀವಿ. ಒಳಕಿವಿ ಚೆನ್ನಾಗಿದ್ರೆ ಅದೂ ತಿರುಗಿ ಒಂದು ಸಣ್ಣ ಸದ್ದು ಮಾಡುತ್ತೆ. ಅದು ನಮಗೆ ಕೇಳಲ್ಲ, ಈ ಮೆಷಿನ್‌ಗೆ ಕೇಳುತ್ತೆ. ಮಗು ಹೀಗೆ ಅತ್ರೆ ಇದಕ್ಕೂ ಕೇಳಲ್ಲ."

ಸುಂದ್ರಮ್ಮ ತೂಗಿದಳು, ತಟ್ಟಿದಳು, ಗೋಗರೆದಳು. ಕೂಸು ಜಗ್ಗಲಿಲ್ಲ. ಪಕ್ಕದಲ್ಲಿ ಸೊಸೆ ಗೌತಮಿ ಕೈ ಚಾಚಿ ನಿಂತಿದ್ದಳು. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ಮಗುವಿಗೂ ಹಾಗೇ ಆಗಿಬಿಟ್ಟಿದ್ದರೆ ಎಂಬ ದಿಗಿಲು ಹೆರಿಗೆಯಾದಂದಿನಿಂದ ಸುಂದ್ರಮ್ಮನನ್ನು ತಿನ್ನುತ್ತಿತ್ತು.

ಗೌತಮಿ ಮಗುವನ್ನು ಎದೆಗವಚಿಕೊಂಡು ತನ್ನ ಜೋಗುಳ ಶುರು ಮಾಡಿದಳು. ಪದವಿಲ್ಲ, ರಾಗವಿಲ್ಲ, ಗಂಟಲಾಳದ ಒರಟು ದನಿ ಅಷ್ಟೆ. ನಾಲ್ಕು ಜನರ ಮುಂದೆ ಆ ದನಿ ಹೊರಟರೆ ಸುಂದ್ರಮ್ಮ ನಾಚಿಕೆಯಿಂದ ಸೊಸೆಯ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಈಗಲೂ ಕೈ ಎತ್ತಿದಳು.

ಅಷ್ಟರಲ್ಲಿ ಅಳು ನಿಂತಿತು. ಕೂಸು ತಾಯಿಯ ಕಡೆ ಮುಖ ತಿರುಗಿಸಿ, ಒಮ್ಮೆ ಆಕಳಿಸಿ, ನಿದ್ದೆ ಹೋಯಿತು. ಎತ್ತಿದ ಕೈ ತಾನಾಗಿಯೇ ಕೆಳಗಿಳಿಯಿತು.

ಗೌತಮಿ ಸುಮ್ಮನಾದ ಮೇಲೆ ಅನುಶ್ರೀ ಪುಟ್ಟ ಬಿರಡೆಯೊಂದನ್ನು ಮಗುವಿನ ಕಿವಿಗಿಟ್ಟು ಮೆಷಿನ್ ನೋಡಿದಳು. ಆಮೇಲೆ ಇನ್ನೊಂದು ಕಿವಿ.

"ಎರಡೂ ಉತ್ತರ ಕೊಟ್ಟಿವೆ ಅಮ್ಮ. ಕಿವಿ ಚೆನ್ನಾಗಿದೆ."

ಸುಂದ್ರಮ್ಮ ಮಗುವಿನ ಕಿವಿ ಮುಟ್ಟಿ ಸೊಸೆಗೆ ತಲೆಯಾಡಿಸಿ ತೋರಿಸಿದಳು. ಇಬ್ಬರೂ ಒಟ್ಟಿಗೆ ಅತ್ತರು.

ಊರಿಗೆ ಮರಳುವಾಗ ಹ್ಯಾಂಡ್‌ಪೋಸ್ಟ್ ಸರ್ಕಲ್ ದಾಟುತ್ತಲೇ ಬಸ್ಸಿನಲ್ಲಿ ಕೂಸು ಮತ್ತೆ ರಾಗ ತೆಗೆಯಿತು. ಗೌತಮಿ ಅಭ್ಯಾಸಬಲದಿಂದ ಅತ್ತೆಯ ಮುಖ ನೋಡಿದಳು. ಹಾಡು ಎಂದು ಸುಂದ್ರಮ್ಮ ಸನ್ನೆ ಮಾಡಿದಳು. ದನಿ ಹೊರಟಿತು. ಬಸ್ಸಿಗೆ ಬಸ್ಸೇ ಹಿಂತಿರುಗಿ ನೋಡಿತು.

"ಅದೇನವ್ವ ಅದು ಸದ್ದು?" ಎಂದ ಮುಂದಿನ ಸೀಟಿನ ಮುದುಕ.

ಸುಂದ್ರಮ್ಮ ಸೆರಗು ಸರಿಮಾಡಿಕೊಂಡಳು. ಅವಳಿಗೆ ಹಿಡಿಸಲಾರದ ಹೆಮ್ಮೆ.

"ನನ್ ಸೊಸೆ ಜೋಗುಳ ಹಾಡ್ತಾವ್ಳೆ ಕಣಪ್ಪ. ಎಲ್ರೂ ವಸಿ ಸುಮ್ಕಿರಿ, ನಮ್ ಕೂಸು ಕೇಳಿಸ್ಕತಾ ಅದೆ."